ಮಣ್ಣು ಮಾಡಿದ್ದ ಮೇಣದ ತುಂಡು

ನಾನು ಬೀಜದಂಗಡಿಯವಳು. ಶಿಕಾರಿಪುರದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಗೊಬ್ಬರದ ಮೂಟೆಗಳ ಕಡೆ ನಮ್ಮ ಮನೆಯವರು ನೋಡಿಕೊಂಡರೆ ಬೀಜದ ಪೊಟ್ಟಣಗಳ ಕಡೆ ನಾನು. ಬಂದ ರೈತರು ಕೇಳುವುದು ಒಂದೇ ಪ್ರಶ್ನೆ: "ಹುಟ್ತಾವೇನಕ್ಕಾ, ಇಲ್ಲಾ?" ಹುಟ್ಟುತ್ತವೆ ಅನ್ನುತ್ತೇನೆ, ಇಲ್ಲವಾದರೆ ಇದು ಬೇಡ, ಬೇರೆ ತಗೊಳ್ಳಿ ಅನ್ನುತ್ತೇನೆ. ನಡುವಿನ ಮಾತು ನನಗೆ ಆಗಿಬರುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಂಥವಳಿಗೆ ದೇವರು ಕೊಟ್ಟದ್ದು ಎಂಥ ಕಾಯಿಲೆ ನೋಡಿ: ಅದು ಕಾಯಿಲೆ ಹೌದೋ ಅಲ್ಲವೋ ಎನ್ನುವುದೇ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಶುರುವಾದದ್ದು ಎಡಗಡೆ ಎದೆಯಲ್ಲಿ ಸಣ್ಣ ನೋವಿನಿಂದ. ಮೂಟೆ ಸರಿಸಿದ್ದಕ್ಕೆ ಇರಬೇಕು ಎಂದು ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೆ. ನಮ್ಮ ಮನೆಯವರು ಬಿಡಲಿಲ್ಲ, ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಫೋಟೋ ತೆಗೆದರು. ಫೋಟೋದಲ್ಲಿ ಅದೇ ಎದೆಯ ಇನ್ನೊಂದು ಮೂಲೆಯಲ್ಲಿ ಅಕ್ಕಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿಗಳಿದ್ದವು. ನೋವಿಗೂ ಆ ಚುಕ್ಕಿಗಳಿಗೂ ಸಂಬಂಧವೇ ಇಲ್ಲ ಎಂದರು ಆಪರೇಷನ್ ಮಾಡುವ ಡಾಕ್ಟರು. ಹಾಗಾದರೆ ನೋವು ಯಾತರದ್ದು ಎಂದು ಕೇಳಿದೆ. "ಅದೇನಿಲ್ಲ, ಹೋಗುತ್ತೆ. ಈ ಚುಕ್ಕಿ ಇರೋ ಜಾಗದಿಂದ ಸೂಜಿ ಹಾಕಿ ಸ್ವಲ್ಪ ತುಂಡು ತೆಗೆದು ನೋಡೋಣ" ಎಂದರು. ನೋವು ಇದ್ದ ಕಡೆ ಏನೂ ಇಲ್ಲ, ಏನೂ ಗೊತ್ತಾಗದ ಕಡೆ ಏನೋ ಇದೆ! ಗೊಂದಲ ಅಲ್ಲಿಂದಲೇ ಹತ್ತಿಕೊಂಡಿತು.

ಸೂಜಿ ಹಾಕಿಸಿಕೊಂಡು ಬಂದ ಮೇಲೆ ನನ್ನನ್ನು ನೋಡಿಕೊಳ್ಳಲು ಅತ್ತೆ ಬಂದರು. ನಮ್ಮ ಮನೆಯವರ ತಾಯಿ. ಅವರು ಇರುವುದು ಭಾವನವರ ಜೊತೆ, ಆನವಟ್ಟಿಯಿಂದ ಜಡೆ ಕಡೆಗೆ ಹೋಗುವ ದಾರಿಯಲ್ಲಿರುವ ಹಳ್ಳಿಯಲ್ಲಿ. ನನಗೂ ಅವರಿಗೂ ಅಷ್ಟಕ್ಕಷ್ಟೇ. ನಾನು ಮಾಡಿದ ಸಾರಿಗೆ ಅವರು ಉಪ್ಪು ಹಾಕುತ್ತಾರೆ, ಅವರು ಒಣಗಿಸಿದ ಬಟ್ಟೆಯನ್ನು ನಾನು ತೆಗೆದು ಮತ್ತೆ ಒಣಹಾಕುತ್ತೇನೆ. ಆದರೂ ಬಂದ ದಿನವೇ ನನ್ನ ತಲೆಗೆ ಎಣ್ಣೆ ಇಟ್ಟು, "ಎದ್ದು ಓಡಾಡಬ್ಯಾಡ, ಬಿದ್ಕೊ ಸುಮ್ನ" ಎಂದು ಗದರಿಸಿ ಅಡುಗೆಮನೆ ಹೊಕ್ಕರು. ನನಗೆ ಅದು ಇಷ್ಟವಾಯಿತು ಎಂದು ಅವರಿಗೆ ಹೇಳಲಿಲ್ಲ.

ಆಮೇಲೆ ನಮ್ಮ ಮನೆಯವರು ಆಸ್ಪತ್ರೆಯಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಅದರಲ್ಲಿ ರಿಪೋರ್ಟು, ಎರಡು ಗಾಜಿನ ಪಟ್ಟಿ, ಮತ್ತು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯ ಮೇಲೆ ಬಿಳಿ ಮೇಣ, ಮೇಣದೊಳಗೆ ದಾರದ ಚೂರಿನಂಥದ್ದೇನೋ. ಕೆಲವು ಆಸ್ಪತ್ರೆಗಳಲ್ಲಿ ಇದನ್ನು ಅವರೇ ಇಟ್ಟುಕೊಳ್ಳುತ್ತಾರಂತೆ. ನಮಗೆ, ಬೇರೆ ಕಡೆ ತೋರಿಸುವುದಾದರೆ ಇರಲಿ ಎಂದು ಕೈಗೇ ಕೊಟ್ಟು ಕಳಿಸಿದ್ದರು. ಅತ್ತೆ ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಇದೇನಿದು?" ಎಂದರು.

"ನನ್ನ ಮೈಯ ತುಂಡು ಅತ್ತೆ. ಮೇಣದೊಳಗೆ ಹಾಕಿ ಕೊಟ್ಟಿದಾರೆ" ಎಂದೆ.

ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕವರಿನೊಳಗೆ ಇಟ್ಟರು. ರಿಪೋರ್ಟನ್ನು ಮಾತ್ರ ಫೈಲಿಗೆ ಹಾಕಿ ನಾನು ಮಲಗಿದೆ. ನಾಲ್ಕಾರು ದಿನ ಇದ್ದು ಅತ್ತೆ ಊರಿಗೆ ಹೋದರು.

ರಿಪೋರ್ಟು ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವರು ಅದನ್ನು ಎರಡು ಸಲ ಓದಿದರು. ಎದೆಯೊಳಗೆ ಹಾಲಿನ ಸಣ್ಣ ಸಣ್ಣ ನಾಳಗಳಿರುತ್ತವೆ, ನಿಮ್ಮ ಕೆಲವು ನಾಳಗಳ ಒಳಗೆ ಬೇಡದ ಜೀವಕೋಶಗಳು ತುಂಬಿಕೊಂಡಿವೆ, ಇನ್ನೂ ಹೊರಗೆ ಬಂದಿಲ್ಲ ಎಂದರು. ಆದರೆ ಅವು ಎರಡು ಜಾತಿಯಲ್ಲಿ ಯಾವ ಜಾತಿ ಎನ್ನುವುದು ತುಂಡಿಗೆ ಮಾಮೂಲಾಗಿ ಹಾಕುವ ಬಣ್ಣದಲ್ಲಿ ಗೊತ್ತಾಗಿಲ್ಲವಂತೆ. ಒಂದು ಜಾತಿಯಾದರೆ ಆಪರೇಷನ್ ಮಾಡಲೇಬೇಕು, ಚುಕ್ಕಿಗಳು ಹರಡಿರುವುದರಿಂದ ಎದೆಯನ್ನೇ ತೆಗೆಯಬೇಕಾಗಬಹುದು. ಇನ್ನೊಂದು ಜಾತಿಯಾದರೆ ಕೊಯ್ಯದೆ ಕಾಯುತ್ತಾ ನೋಡಬಹುದು. ಎದೆಯನ್ನೇ ಎಂದು ಅವರು ಅಂದ ಮೇಲೆ ಮುಂದಿನ ಮಾತು ಒಂದಷ್ಟು ಹೊತ್ತು ನನ್ನ ಕಿವಿಗೆ ಬೀಳಲಿಲ್ಲ.

"ಕೋಶಗಳು ಒಂದನ್ನೊಂದು ಹಿಡ್ಕೊಂಡಿರೋದಕ್ಕೆ ನಡುವೆ ಒಂದು ಪ್ರೋಟೀನ್ ಇರುತ್ತೆ. ಇ-ಕ್ಯಾಡ್‌ಹೆರಿನ್ ಅಂತ. ಅಂಟು ಅಂದ್ಕೊಳ್ಳಿ. ಅದನ್ನೇ ಹುಡುಕಿ ಹೋಗಿ ಕೂರೋ ಆಂಟಿಬಾಡಿ ಹಾಕಿ ಬಣ್ಣ ಬರಿಸ್ತಾರೆ. ಅದು ಇದೆಯೋ ಇಲ್ವೋ ನೋಡಿದ್ರೆ ಯಾವ ಜಾತಿ ಅಂತ ಗೊತ್ತಾಗುತ್ತೆ. ನಿಮ್ಮ ಕೈಗೆ ಕೊಟ್ಟಿದಾರಲ್ಲ ಮೇಣದ ಬ್ಲಾಕು, ಅದನ್ನ ತಗೊಂಡು ದೊಡ್ಡ ಲ್ಯಾಬಿಗೆ ಕೊಡಿ" ಎಂದರು ಡಾಕ್ಟರು. ಮತ್ತೆ ಸೂಜಿ ಹಾಕಿದರೆ ಅದೇ ಜಾಗ ಸಿಗುತ್ತದೆ ಎಂದು ಹೇಳಲಾಗುವುದಿಲ್ಲ, ಬ್ಲಾಕು ಜೋಪಾನ ಎಂದೂ ಹೇಳಿದರು.

ಆಮೇಲೆ ನನ್ನನ್ನು ಪರದೆಯ ಹಿಂದೆ ಕರೆದು ಸೂಜಿಯ ಗಾಯ ನೋಡಿದರು. ನಾನು ರವಿಕೆಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಡಾಕ್ಟರು ಹೊರಗೆ ಹೋಗಿ ನಮ್ಮ ಮನೆಯವರಿಗೆ ಬಣ್ಣ ಬಂದರೆ ಏನು, ಬರದಿದ್ದರೆ ಏನು ಎಂದು ಹೇಳಿ ಮುಗಿಸಿದ್ದರು. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ: "ರೀ, ಬಣ್ಣ ಬಂದ್ರೆ ಒಳ್ಳೇದಾ, ಬರದಿದ್ರೆ ಒಳ್ಳೇದಾ?"

ನಮ್ಮ ಮನೆಯವರು ಕಿಟಕಿಯಾಚೆ ನೋಡಿದರು. ಯಾವ ಬೆಳೆಗೆ ಯಾವ ಗೊಬ್ಬರ ಎಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಮನುಷ್ಯ. "ಬಂದ್ರೆ ಒಂದು ಅಂದ್ರು, ಬರದಿದ್ರೆ ಒಂದು ಅಂದ್ರು," ಎಂದರು.

"ಅದು ನಂಗೂ ಗೊತ್ತು! ಯಾವುದಕ್ಕೆ ಕೊಯ್ತಾರೆ?"

"ಬಂದ್ರೆ ಒಳ್ಳೇದು ಅನ್ಸುತ್ತೆ ಕಣೆ. ಅಂಟು ಇರೋದು ಒಳ್ಳೇದೇ ಅಲ್ವಾ? ಬಿಟ್ಟುಹೋದ್ರೆ ತಾನೇ ಕೆಡೋದು."

ನನಗೂ ಅದು ಸರಿಯೆನಿಸಿತು. ಬಿಟ್ಟುಹೋದದ್ದು ಯಾವುದು ಒಳ್ಳೆಯದಾಗಿದೆ? ಗಂಟು ಬಿಟ್ಟರೆ ಚೀಲ ಚೆಲ್ಲುತ್ತದೆ, ಬದು ಬಿಟ್ಟರೆ ನೀರು ಹೋಗುತ್ತದೆ. ಫೋನ್ ಮಾಡಿ ಸರಿಯಾಗಿ ಕೇಳಿ ಎಂದು ಒಂದೆರಡು ಸಲ ಹೇಳಿದೆ. "ರಿಪೋರ್ಟ್ ಬಂದ್ಮೇಲೆ ಅವ್ರೇ ಹೇಳ್ತಾರೆ ಬಿಡೆ, ಅದನ್ನೇನು ಕೇಳೋದು" ಎಂದು ಅವರು ತಳ್ಳಿಹಾಕಿದರು. ಡಾಕ್ಟರಿಗೆ ಫೋನ್ ಮಾಡುವುದೆಂದರೆ ಅವರಿಗೆ ನಾಲಿಗೆ ಒಣಗುತ್ತದೆ. ಮನೆದೇವರಿಗೆ ಕೈಮುಗಿದು, ಬಣ್ಣ ಬರಲಪ್ಪಾ, ಚೆನ್ನಾಗಿ ಬರಲಿ ಎಂದು ಹರಕೆ ಹೊತ್ತೆ.

ಮನೆಗೆ ಬಂದು ಬ್ಲಾಕು ಹುಡುಕಿದರೆ ಬ್ಲಾಕೇ ಇಲ್ಲ! ಗಾಜಿನ ಪಟ್ಟಿಗಳೂ ಇಲ್ಲ. ಬೀರು, ದೇವರ ಗೂಡು, ಅಂಗಡಿಯ ಮೇಜು ಎಲ್ಲ ಕಡೆ ತಡಕಾಡಿದೆವು. ಕೊನೆಗೆ ಅತ್ತೆಗೆ ಫೋನ್ ಮಾಡಿದೆ.

"ಅದಾ?" ಎಂದರು ಅತ್ತೆ. "ನಾ ತಂದೀನಿ."

"ಯಾಕತ್ತೆ? ಎಲ್ಲಿಟ್ಟಿದೀರಿ?"

"ಇಡೂದೇನ ಬಂತು. ಮಣ್ಣು ಮಾಡೀನಿ."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ವಿಭೂತಿ ಇಟ್ಟು, ಬಿಲ್ವಪತ್ರೆ ಇಟ್ಟು, ಮನುಷ್ಯನನ್ನು ಇಡಿಯಾಗಿ ಮಣ್ಣಿಗೆ ಕೊಡುತ್ತೇವೆ. ಅತ್ತೆ ನನ್ನ ಮೈಯ ತುಂಡಿಗೂ ಅದನ್ನೇ ಮಾಡಿದ್ದರು. "ಮೈಯಿಂದ ಬಂದದ್ದನ್ನ ಮನ್ಯಾಗ ಇಡಬಾರ್ದು, ಕಸಕ್ಕೂ ಹಾಕಬಾರ್ದು. ಮಣ್ಣಿಗೆ ಸೇರ್ಬೇಕು. ನಿಮ್ಮ ಮಾವನ ಬಾಜೂಕ ಇಟ್ಟೀನಿ" ಎಂದರು, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ. ಫೋನಿನಲ್ಲಿ ನಾನು ಕೂಗಿದ ಕೂಗಿಗೆ ಅಂಗಡಿಯಲ್ಲಿದ್ದ ರೈತರು ಪೊಟ್ಟಣ ಕೆಳಗಿಟ್ಟು ನನ್ನ ಮುಖ ನೋಡಿದರು.

ಮಾರನೆಯ ದಿನ ಅಂಗಡಿ ಮುಚ್ಚಿ ಇಬ್ಬರೂ ಬೈಕಿನಲ್ಲಿ ಹೊರಟೆವು. ಶಿರಾಳಕೊಪ್ಪ ದಾಟಿ ಆನವಟ್ಟಿ ಬರುವವರೆಗೂ ನಾನು ಹಿಂದೆ ಕೂತು ಅತ್ತೆಗೆ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಭತ್ತದ ಕೊಯ್ಲು ಮುಗಿದಿತ್ತು. ಮಾವನವರ ಸಮಾಧಿ ಇರುವುದು ಗದ್ದೆಯ ಮೇಲ್ಮೂಲೆಯಲ್ಲಿ, ಒಂದು ಬೇವಿನ ಮರದ ಕೆಳಗೆ. ಮನೆಗೆ ಹೋಗದೆ ನೇರ ಅಲ್ಲಿಗೇ ಹೋದೆವು. ಅತ್ತೆ ಆಗಲೇ ಅಲ್ಲಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು, ಕಾವಲು ಕೂತವರ ಹಾಗೆ.

"ತಗೀಬಾರ್ದು," ಎಂದರು ನಾವು ಬಾಯಿ ತೆರೆಯುವ ಮೊದಲೇ. "ಮಣ್ಣಿಗೆ ಕೊಟ್ಟದ್ದನ್ನ ತಿರುಗಿ ಕೇಳಬಾರ್ದು. ಕೆಟ್ಟದ್ದು ಅದು."

"ಅತ್ತೆ, ಅದಿಲ್ದಿದ್ರೆ ಬಣ್ಣ ಹಾಕಿ ನೋಡೋಕಾಗಲ್ಲ. ನೋಡ್ದೇ ಇದ್ರೆ ಯಾವುದು ಅಂತ ಗೊತ್ತಾಗಲ್ಲ. ಸುಮ್ಸುಮ್ನೆ ಎದೆ ಕೊಯ್ಸಿಕೊಳ್ಳಲಾ ನಾನು?"

"ಬ್ಯಾರೆ ತುಂಡು ತಗೀಲಿ."

"ಬೇರೆ ತೆಗೆದ್ರೆ ಅದೇ ಜಾಗ ಸಿಗುತ್ತೋ ಇಲ್ವೋ ಅಂದಿದಾರೆ!"

"ಹಂಗಂದ್ರ? ಸಿಗತೈತೋ ಇಲ್ಲೋ?"

ನಮ್ಮ ಮನೆಯವರ ಕಡೆ ನೋಡಿದೆ. ಅವರು ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿ, ಕೊನೆಗೆ ಬೇವಿನ ಮರವನ್ನು ನೋಡುತ್ತಾ ನಿಂತರು. ಎಂಥ ಗಂಡಸೋ! "ಏನಾದ್ರೂ ಮಾತಾಡ್ರೀ" ಎಂದರೆ, "ಇಬ್ರೂ ಹೇಳೋದು ಸರಿ ಅದೆ" ಎಂದರು. ನನಗೆ ಪಿತ್ತ ನೆತ್ತಿಗೇರಿತು.

"ಅತ್ತೆ, ಮಣ್ಣು ಮಾಡೋದು ಸತ್ತೋರನ್ನ. ನಾನಿನ್ನೂ ಸತ್ತಿಲ್ಲ!" ಎಂದು ಕಿರುಚಿದೆ. ಗದ್ದೆಯಲ್ಲಿ ಹುಲ್ಲು ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಅತ್ತೆ ಮುಖ ತಿರುಗಿಸಿದರು. ನಾನು ಬದುವಿನ ಮೇಲಿದ್ದ ಗುದ್ದಲಿ ಎತ್ತಿಕೊಂಡು ಸಮಾಧಿಯ ಪಕ್ಕ ಬಂದೆ. ಎಲ್ಲಿ ಅಗೆಯಬೇಕೆಂದು ಗೊತ್ತಿರಲಿಲ್ಲ, ಕಣ್ಣಿಗೆ ಕಂಡ ಕಡೆ ಏಟು ಹಾಕಿದೆ. ಎರಡನೇ ಏಟಿಗೆ ಎಡಗಡೆ ಎದೆಯ ಗಾಯ ಚುರ್ ಎಂದಿತು.

ಅತ್ತೆ ಎದ್ದು ಬಂದು ಗುದ್ದಲಿಯ ಕಾವು ಹಿಡಿದುಕೊಂಡರು. "ಬಿಡು. ನಿನ್ನ ಗುಂಡಿ ನೀನೇ ತೋಡ್ತೀಯೇನೇ?" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈ ತಾನಾಗಿಯೇ ಸಡಿಲವಾಯಿತು.

ಅವರೇ ಅಗೆದರು. ಮಗ ಕೈಚಾಚಿದರೆ, "ನೀ ದೂರ ಸರಿ" ಎಂದು ಗದರಿದರು. ಆದರೆ ಇಟ್ಟ ಜಾಗ ಅವರಿಗೇ ಮರೆತಿತ್ತು. ಇಲ್ಲೇ ಎಂದರು, ಇರಲಿಲ್ಲ. ಅಲ್ಲ, ಅಲ್ಲಿ ಎಂದರು, ಅಲ್ಲೂ ಇರಲಿಲ್ಲ. ನೆಲ ಒಣಗಿ ಕಲ್ಲಾಗಿತ್ತು, ಮೆದುವಾಗಲಿ ಎಂದು ಹಳ್ಳದಿಂದ ಕೊಡದಲ್ಲಿ ನೀರು ತಂದು ಹೊಯ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಟಿ ಕಚ್ಚಿಕೊಂಡು, ಒಂದೊಂದು ಏಟಿಗೂ "ಶಿವಾ, ತಪ್ಪಾತು, ಶಿವಾ" ಎನ್ನುತ್ತಾ ಅಗೆಯುತ್ತಿದ್ದ ಅವರನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೈಕಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಇವರ ಮೇಲೆ ಸಿಟ್ಟು ಮಾಡಬೇಕೋ, ಕಾಲು ಹಿಡಿಯಬೇಕೋ ತಿಳಿಯಲಿಲ್ಲ.

ಬಿಳಿ ಬಟ್ಟೆಯ ಗಂಟು ಸಿಕ್ಕಿತು. ಮಾವನವರ ಹಳೆಯ ಪಂಚೆಯ ಚೂರು. ಒಳಗೆ ಬಾಡಿದ ಬಿಲ್ವಪತ್ರೆ, ವಿಭೂತಿ, ಒಡೆದ ಗಾಜಿನ ಪಟ್ಟಿಗಳು, ನಡುವೆ ಮೇಣದ ಬ್ಲಾಕು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. "ಬಣ್ಣ ಬಂದ್ರ ಚೊಲೋದೇನು?" ಎಂದು ಕೇಳಿದರು. ಹೌದಂತೆ ಎಂದೆ. "ಹಂಗಾರ ಬಣ್ಣ ಬರೋತನಕ ಸೋಮವಾರ ಒಪ್ಪತ್ತು ಇರ್ತೀನಿ" ಎಂದು ಗುಂಡಿ ಮುಚ್ಚಿದರು.

ಶಿವಮೊಗ್ಗದ ದೊಡ್ಡ ಲ್ಯಾಬಿನಲ್ಲಿ ಇಂಥ ತುಂಡುಗಳನ್ನು ನೋಡಿ ಕಾಯಿಲೆ ಹೇಳುವವರು ಒಬ್ಬ ಡಾಕ್ಟರಮ್ಮ. ಬ್ಲಾಕನ್ನು ತಿರುಗಿಸಿ ನೋಡಿ, "ಇದೇನು, ವಿಭೂತಿಯಾ?" ಎಂದರು. ನಮ್ಮ ಮನೆಯವರು ಕೆಮ್ಮಿದರು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ, ಅದೇ ಆಶ್ಚರ್ಯ. ಮೇಣದೊಳಗಿನ ತುಂಡಿಗೆ ಏನೂ ಆಗಿರಲಿಕ್ಕಿಲ್ಲ, ಕೊಳೆಯಾದ ಮೇಣ ತೆಗೆದು ಹೊಸ ಮೇಣದಲ್ಲಿ ಕೂರಿಸಿ ನೋಡುತ್ತೇನೆ ಎಂದರು. ಅದನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಕೂರಿಸುತ್ತಾರಂತೆ. ಆಂಟಿಬಾಡಿ ಹೋಗಿ ಆ ಪ್ರೋಟೀನಿನ ಮೇಲೆ ಕೂತರೆ, ಕೂತ ಕಡೆಯೆಲ್ಲ ಕಂದು ಬಣ್ಣ ಹತ್ತುತ್ತದಂತೆ. "ರಿಪೋರ್ಟ್ ಆದಾಗ ನೀವೇ ಬನ್ನಿ, ತೋರಿಸ್ತೀನಿ" ಎಂದು ಕಳಿಸಿದರು.

ಆ ದಿನಗಳಲ್ಲಿ ಅಂಗಡಿಯಲ್ಲಿ ನನಗೆ ಲಕ್ಷ್ಯವೇ ಇರಲಿಲ್ಲ. ಬೆಂಡೆ ಕೇಳಿದವರಿಗೆ ಬದನೆ ಕೊಟ್ಟೆ. ಸ್ನಾನ ಮಾಡುವಾಗ ಎಡಗಡೆ ಎದೆಯ ಮೇಲೆ ಕೈಯಿಟ್ಟುಕೊಂಡು, ನೀನು ಇರುತ್ತೀಯೋ ಹೋಗುತ್ತೀಯೋ ಎಂದು ಕೇಳುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಮಕ್ಕಳಿಗೆ ಹಾಲು ಕುಡಿಸಿದ ಎದೆ, ಅಷ್ಟು ವರ್ಷ ಅದರ ಕಡೆ ಲಕ್ಷ್ಯವನ್ನೇ ಕೊಡದೆ ಇದ್ದು ಈಗ ಅಳು ಬರುತ್ತಿತ್ತು.

ಕರೆ ಬಂದಾಗ ಇಬ್ಬರೂ ಹೋದೆವು. ಡಾಕ್ಟರಮ್ಮ ಪರದೆಯ ಮೇಲೆ ಗಾಜಿನ ಪಟ್ಟಿಯಲ್ಲಿದ್ದದ್ದನ್ನು ದೊಡ್ಡದು ಮಾಡಿ ತೋರಿಸಿದರು. "ಇದು ನಿಮ್ಮ ಚೆನ್ನಾಗಿರೋ ನಾಳ" ಎಂದರು. ಒಂದೊಂದು ಕೋಶದ ಸುತ್ತಲೂ ಕಂದು ಗೆರೆ. ತೆನೆಯ ಮೇಲೆ ಕೂತ ಮೆಕ್ಕೆಜೋಳದ ಕಾಳುಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಬಂತಲ್ಲ ಬಣ್ಣ! ನಮ್ಮ ಮನೆಯವರ ಕೈ ಹಿಂಡಿದೆ.

"ಈಗ ಇದು ನೋಡಿ" ಎಂದು ಪಕ್ಕಕ್ಕೆ ಸರಿಸಿದರು. ಅಲ್ಲಿ ನಾಳ ಉಬ್ಬಿತ್ತು, ಒಳಗೆ ಕೋಶಗಳು ಕಿಕ್ಕಿರಿದು ತುಂಬಿದ್ದವು. ಆದರೆ ಒಂದೂ ಇನ್ನೊಂದನ್ನು ಹಿಡಿದಿರಲಿಲ್ಲ, ತೆನೆಯಿಂದ ಬಿಡಿಸಿ ಚೀಲಕ್ಕೆ ಸುರಿದ ಕಾಳಿನ ಹಾಗೆ ಬಿಡಿಬಿಡಿ. ಕಂದು ಗೆರೆ ಎಲ್ಲೂ ಇಲ್ಲ, ಬರೀ ತೆಳು ನೀಲಿ. "ಬಣ್ಣ ಬಂದಿಲ್ಲ, ಕಾಣ್ತಿದೆಯಾ?" ಎಂದರು ಡಾಕ್ಟರಮ್ಮ.

ಕಾಣುತ್ತಿತ್ತು. ಆಮೇಲೆ ಏನೂ ಕಾಣಲಿಲ್ಲ, ಕಣ್ಣು ತುಂಬಿಬಂದು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಹೋಯಿತು, ಎದೆ ಹೋಯಿತು ಎಂದು ಅದೊಂದೇ ತಲೆಯಲ್ಲಿ.

"ಅಯ್ಯೋ, ಯಾಕಮ್ಮಾ ಅಳ್ತೀರ? ಒಳ್ಳೇದೇ ಆಯ್ತಲ್ಲ!"

"ಅಂಟು ಬಿಟ್ಟುಹೋಗಿದೆ ಅಂತೀರಿ, ಒಳ್ಳೇದು ಅಂತೀರಿ! ಏನ್ರೀ ಡಾಕ್ಟರಮ್ಮಾ ಇದು?"

ಅವರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದರು. ಈ ಕೋಶಗಳಲ್ಲಿ ಬಣ್ಣ ಬಂದಿದ್ದರೆ ಅದು ಕೊಯ್ಯಲೇಬೇಕಾದ ಜಾತಿ. ಬರದಿರುವುದರಿಂದ ಇದು ಇನ್ನೊಂದು ಜಾತಿ, ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ, ನಿಮ್ಮ ಕೋಶಗಳೂ ಸೌಮ್ಯವಾಗಿಯೇ ಕಾಣುತ್ತಿವೆ, ಕೊಯ್ಯದೆ ನೋಡಿಕೊಂಡು ಹೋಗಬಹುದು. ನಾನು ನಮ್ಮ ಮನೆಯವರ ಕಡೆ ತಿರುಗಿದೆ. "ಉಲ್ಟಾ ಹೇಳ್ಬಿಟ್ನಾ?" ಎಂದರು, ಕಿವಿ ತುರಿಸಿಕೊಳ್ಳುತ್ತಾ. ಇಷ್ಟು ದಿನ ನಾನೂ ಅತ್ತೆಯೂ ದೇವರ ಹತ್ತಿರ ಕೇಳಿದ್ದು ನನ್ನ ಎದೆ ಕೊಯ್ಯಿಸು ಎಂದೇ! ದೇವರು ನಮ್ಮ ಮಾತು ಕೇಳದೆ ಇದ್ದದ್ದು ದೊಡ್ಡದು. ಆದರೂ ಹೊರಟಿದ್ದ ಅಳು ನಿಲ್ಲಲಿಲ್ಲ, ನಡುವೆ ನಗುವೂ ಬಂತು.

"ಕ್ಯಾನ್ಸರ್ ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳಿ" ಎಂದೆ.

"ಅಲ್ಲ. ಆದ್ರೆ..."

"ಆದ್ರೆ ಬೇಡ."

"ಆದ್ರೆ ಇಲ್ದೆ ಹೇಳೋಕಾಗಲ್ಲಮ್ಮ. ಮುಂದೆ ಯಾವ ಕಡೆ ಎದೆಯಲ್ಲಾದ್ರೂ ಬರಬಹುದು, ಬರದೇನೂ ಇರಬಹುದು. ಆಗಾಗ ತೋರಿಸ್ಕೊಳ್ತಾ ಇರಬೇಕು."

ಆಪರೇಷನ್ ಡಾಕ್ಟರೂ ಫೋಟೋವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ ಅದೇ ಹೇಳಿದರು: ಸದ್ಯಕ್ಕೆ ಚಾಕು ಬೇಡ. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಬಸ್ ನಿಲ್ದಾಣದಲ್ಲಿ ನಿಂತು ಅತ್ತೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. "ಬಣ್ಣ ಬಂತೇನು?"

"ಇಲ್ಲ ಅತ್ತೆ."

"ಅಯ್ಯೋ ಶಿವನೇ!"

"ಅಲ್ಲ ಅತ್ತೆ, ಕೇಳಿ ಇಲ್ಲಿ. ಬರದೇ ಇರೋದೇ ಒಳ್ಳೇದಂತೆ. ನಾವು ತಿಳ್ಕೊಂಡಿದ್ದು ಉಲ್ಟಾ."

"ಏನ ಹೇಳ್ತೀಯೇ ನೀನು? ನಂಗೊಂದೂ ತಿಳೀವಲ್ದು. ಕೊಯ್ತಾರೋ ಇಲ್ಲೋ?"

"ಕೊಯ್ಯಲ್ಲ. ಎದೆ ಇರುತ್ತೆ. ನಾನೂ ಇರ್ತೀನಿ."

ಅತ್ತ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿಸಿತು. ಮಾವನವರು ಹೋದ ದಿನ ಜನರ ಮುಂದೆ ಒಂದು ಹನಿ ಕಣ್ಣೀರು ಹಾಕದ ಹೆಂಗಸು ಅಳುತ್ತಿದ್ದರು.

"ನೋಡು ತಂಗಿ," ಎಂದರು ಕೊನೆಗೆ. "ಅವತ್ತು ಅದನ್ನ ಮಣ್ಣಾಗ ಇಡೂವಾಗ ನಿಮ್ಮ ಮಾವಗ ಹೇಳೀನಿ, ಇಷ್ಟು ತುಂಡು ಸಾಕು, ಅಕಿನ್ನ ಕೇಳಬ್ಯಾಡ ಅಂತ. ಸೊಸೀನ ಅತ್ತಿ ಮಣ್ಣು ಮಾಡಬಾರ್ದು. ನೀ ನನ್ನ ಮಣ್ಣು ಮಾಡ್ಬೇಕು. ಅದು ಸರಿ ಇರೂದು."

ಬೇರೆ ಯಾವ ದಿನವಾದರೂ ಈ ಮಾತಿಗೆ ನಾನು ಹೂಂ ಅಂದಿದ್ದರೆ ಮನೆಯಲ್ಲಿ ರಾಮಾಯಣವಾಗುತ್ತಿತ್ತು. ಶಿಕಾರಿಪುರದ ಬಸ್ಸು ಬಂದು ನಿಂತು ಜನ ನುಗ್ಗುತ್ತಿದ್ದರು, ನಮ್ಮ ಮನೆಯವರು ಸೀಟಿಗೆ ಟವೆಲ್ ಹಾಕಲು ಓಡಿದ್ದರು.

"ಆಯ್ತು ಅತ್ತೆ," ಎಂದೆ. "ನಿಮ್ಮನ್ನ ನಾನೇ ಮಣ್ಣು ಮಾಡ್ತೀನಿ."

"ಹ್ಞೂಂ, ಮಾಡು" ಎಂದು ಅತ್ತೆ ಫೋನ್ ಇಟ್ಟರು.